ಹಾಡಿಲ್ಲದ ಮದುವೆ

ಅವ್ವನ ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನ ಆಗಿರಲಿಲ್ಲ. ಡಾಕ್ಟರಿಗೆ ತೋರಿಸಿಕೊಂಡು ಹೋಗಲು ಮುಟ್ಟಳ್ಳಿಯಿಂದ ಹೊನ್ನಾವರಕ್ಕೆ ಬಂದಿದ್ದಳು. ಜೊತೆಗೆ ದೊಡ್ಡವ್ವ ಇದ್ದಳು. ದೊಡ್ಡವ್ವ ಅಂದರೆ ಅವ್ವನ ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು, ಅವ್ವನ ಹಾಡಿನ ಜೋಡಿ. ನಮ್ಮವರಲ್ಲಿ ಮದುವೆ ಹಾಡನ್ನು ಒಬ್ಬಳೇ ಹೇಳುವುದಿಲ್ಲ. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದಕ್ಕೆ ಒಯ್ಯಬೇಕು. ಎಣ್ಣೆ ಅರಿಶಿನಕ್ಕೊಂದು ಹಾಡು, ಬಾಸಿಂಗ ಕಟ್ಟುವಾಗ ಒಂದು, ಧಾರೆಗೊಂದು, ಕೊನೆಗೆ ಹೆಣ್ಣು ಒಪ್ಪಿಸುವಾಗ ಎಲ್ಲಕ್ಕಿಂತ ಉದ್ದದ್ದು ಒಂದು. ಮುಟ್ಟಳ್ಳಿ ಸುತ್ತಿನಲ್ಲಿ ಮದುವೆ ಗೊತ್ತಾದರೆ ಪುರೋಹಿತರಿಗಿಂತ ಮೊದಲು ಇವರಿಬ್ಬರಿಗೆ ವೀಳ್ಯ ಬರುತ್ತಿತ್ತು.

ನಾನು ಹೊನ್ನಾವರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಕೇರಿಯಲ್ಲಿ ಡಿಗ್ರಿ ಮಾಡಿದ ಮೊದಲ ಹೆಣ್ಣು ನಾನು. ಗಂಡಸರನ್ನು ಸೇರಿಸಿದರೂ ಮೊದಲನೆಯವಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಜೆಯಲ್ಲಿ ಗೋಡಂಬಿ ಫ್ಯಾಕ್ಟರಿಯಲ್ಲಿ ಕುಳಿತು ಬೀಜದ ಸಿಪ್ಪೆ ತೆಗೆದು, ಎಣ್ಣೆ ತಾಗಿ ಸುಲಿದ ಬೆರಳಲ್ಲೇ ಪರೀಕ್ಷೆ ಬರೆದವಳು ನಾನು. ಧಾರವಾಡದಲ್ಲಿ ಎಂ.ಎ. ಮಾಡಿದೆ. ಯಾರೂ ಕೈಹಿಡಿದು ದಾಟಿಸಲಿಲ್ಲ.

ಆ ಶನಿವಾರ ಕಾಲೇಜಿನಲ್ಲಿ ಸಿನಿಮಾ ಇತ್ತು. ಇಂಗ್ಲಿಷ್ ವಿಭಾಗದ ಸಹೋದ್ಯೋಗಿಯೊಬ್ಬರು ಹಳೆಯ ಸಿನಿಮಾ ತೋರಿಸುವ ಹುಚ್ಚು ಹಚ್ಚಿಕೊಂಡಿದ್ದರು. ಅವತ್ತಿನದು ಮೂಕಿ ಕಾಲದ ಪ್ರೇಮಕಥೆ, ಯಾವುದೋ ಚಳಿಯ ದೇಶದ್ದು. ಆಸ್ಪತ್ರೆ ಕೆಲಸ ಬೇಗ ಮುಗಿದಿತ್ತು, ಬಸ್ಸಿಗೆ ಹೊತ್ತಿತ್ತು. ಇಬ್ಬರನ್ನೂ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದೆ.

ದೀಪ ಆರಿಸಿದರು. ಚಿತ್ರ ಶುರುವಾಯಿತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಇಂಥ ಸಿನಿಮಾಗಳಿಗೆ ಆಮೇಲೆ ಯಾರಾದರೂ ಪಿಯಾನೋ ಸೇರಿಸಿರುತ್ತಾರಂತೆ, ಇದಕ್ಕೆ ಅದೂ ಇರಲಿಲ್ಲ.

"ಎಂತದೆ ಇದು, ಶಬ್ದೇ ಇಲ್ಲ? ಕರೆಂಟ್ ಕಮ್ಮಿ ಅದ್ಯಾ?" ಅಂದಳು ಅವ್ವ.

"ಇಲ್ಲ ಅವ್ವೀ, ಇದ್ರಲ್ಲಿ ಮಾತೇ ಇಲ್ಲ. ಆಗಿನ ಕಾಲದ್ದು."

"ಮಾತಿಲ್ದಿದ್ರೆ ಬಾಯಿ ಎಂತಕೆ ಆಡ್ಸ್ತರು?"

"ನಿನ್ನ ಗಂಡನೂ ಹಂಗೇ ಇದ್ದಿದ್ದ ಅಲ್ವನೆ," ಅಂದಳು ದೊಡ್ಡವ್ವ. "ಬಾಯಿ ಆಡೂದು ಕಾಣ್ತಿತ್ತು, ಮಾತು ಹೊರಗೆ ಬರ್ತಿರ್ಲಿಲ್ಲ. ನೀ ಸಂಸಾರ ಮಾಡ್ಲಿಲ್ವ? ಹಂಗೇ ನೋಡು."

ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡಿ ನಕ್ಕರು. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಅವ್ವನಿಗೂ ನಗು ಬಂತು.

ನಡುನಡುವೆ ಪರದೆ ಕಪ್ಪಾಗಿ ಇಂಗ್ಲಿಷಿನಲ್ಲಿ ಬರಹ ಬರುತ್ತಿತ್ತು. ನಾನು ಅದನ್ನು ಓದಿ ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಕಡಲ ಬದಿಯ ಒಂದು ಊರು. ಅಲ್ಲೊಬ್ಬಳು ಬಲೆ ನೇಯುವ ಹುಡುಗಿ. ಹಡಗಿನಲ್ಲಿ ದುಡಿಯುವ ಒಬ್ಬ ಹುಡುಗ. ಇಬ್ಬರಿಗೂ ಪ್ರೀತಿ. ಹುಡುಗಿಯ ಕಣ್ಣಿನ ಸುತ್ತ ದಪ್ಪ ಕಪ್ಪು, ಮುಖಕ್ಕೆ ಹಿಟ್ಟು ಬಳಿದ ಹಾಗೆ ಬಿಳಿ. ಎಲ್ಲರೂ ಸರಸರ ನಡೆಯುತ್ತಿದ್ದರು.

"ಎಲ್ರಿಗೂ ಬಸ್ ತಪ್ಪಿ ಹೋಗ್ತದೆ ಅನ್ನೂ ಹಂಗೆ ಓಡ್ತರಲ್ಲೆ," ಅಂದಳು ದೊಡ್ಡವ್ವ.

ಹಡಗು ಹೊರಡುವ ದಿನ ಊರಿನವರೆಲ್ಲ ದಡಕ್ಕೆ ಬರುತ್ತಾರೆ. ಹೆಂಗಸರು ವಸ್ತ್ರ ಬೀಸುತ್ತಾರೆ. ಎಲ್ಲರೂ ಬಾಯಿ ತೆರೆದು ಒಟ್ಟಿಗೆ ಹಾಡುತ್ತಾರೆ. ದನಿ ಕೇಳದಿದ್ದರೂ ಅದು ಹಾಡೆಂದು ತಿಳಿಯುತ್ತಿತ್ತು, ಎದೆ ಒಟ್ಟಿಗೆ ಏರುತ್ತಿತ್ತು, ತಲೆ ಒಟ್ಟಿಗೆ ತೂಗುತ್ತಿತ್ತು. ಅವ್ವ ಮುಂದಕ್ಕೆ ಬಾಗಿ ಕುಳಿತಳು. ಅವರ ತುಟಿಯನ್ನೇ ನೋಡುತ್ತಿದ್ದಳು. ತನ್ನ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. "ಈಕೆ ಎತ್ತೂದು, ಆಕೆ ಹಿಡಿಯೂದು," ಎಂದು ಪರದೆಯ ಇಬ್ಬರು ಹೆಂಗಸರನ್ನು ದೊಡ್ಡವ್ವನಿಗೆ ತೋರಿಸಿದಳು. ದೊಡ್ಡವ್ವ ಹೌದೆಂದು ತಲೆ ಆಡಿಸಿದಳು.

ಆಮೇಲೆ ಹುಡುಗಿಯ ಅಪ್ಪ ಅವಳನ್ನು ಹಡಗಿನ ಯಜಮಾನನಿಗೆ ಕೊಡಲು ಒಪ್ಪುತ್ತಾನೆ. ಯಜಮಾನ ಹೆಂಡತಿ ಸತ್ತವನು, ವಯಸ್ಸಾದವನು. ಮದುವೆ ಒಂದು ಕೋಣೆಯಲ್ಲಿ ನಡೆಯುತ್ತದೆ. ಕರಿ ಕೋಟಿನವನು ಪುಸ್ತಕ ಹಿಡಿದು ನಿಂತಿದ್ದಾನೆ. ಗೋಡೆಗೆ ಒರಗಿ ನಾಲ್ಕೈದು ಜನ. ಕಿಟಕಿಯ ಗಾಜಿನ ಮೇಲೆ ಮಳೆ. ಹುಡುಗಿಯ ಮುಖ ಪರದೆ ತುಂಬ ಬಂದು ನಿಲ್ಲುತ್ತದೆ, ಕಣ್ಣಿನ ಕಪ್ಪು ಕರಗಿ ಕೆನ್ನೆಗೆ ಇಳಿಯುತ್ತದೆ. ಬೆರಳಿಗೆ ಉಂಗುರ. ಬಾಗಿಲಲ್ಲಿ ಕುದುರೆಗಾಡಿ. ಗಾಡಿ ಹೊರಡುತ್ತದೆ, ಅವಳ ತಾಯಿ ಹೊಸಿಲಲ್ಲಿ ನಿಂತು ನೋಡುತ್ತಾಳೆ.

"ಇದೆಂತ ಆತು ಈಗ?" ಅಂದಳು ಅವ್ವ.

"ಮದ್ವೆ ಆತು."

"ಯಾವಾಗ?"

"ಈಗಲ್ವ ಅವ್ವೀ. ಉಂಗ್ರ ಹಾಕಿದ್ನಲ್ಲ."

"ಯಾರ ಬಾಯೂ ಆಡ್ಲಿಲ್ಲ," ಅಂದಳು ಅವ್ವ.

ನಾನು ಮುಂದಿನ ಬರಹ ಓದುವ ಗಡಿಬಿಡಿಯಲ್ಲಿದ್ದೆ. ಕಥೆ ಸಾಗಿತ್ತು. ವರ್ಷಗಳ ಮೇಲೆ ಹುಡುಗ ತಿರುಗಿ ಬರುತ್ತಾನೆ. ಯಜಮಾನನ ಮನೆಯ ಗೇಟಿನಾಚೆ ನಿಂತು ಕೈ ಚಾಚುತ್ತಾನೆ. ಅವಳು ಉಂಗುರ ಮುಟ್ಟಿಕೊಂಡು ತಲೆ ಅಲ್ಲಾಡಿಸುತ್ತಾಳೆ. ತಾನು ಇನ್ನೊಬ್ಬನಿಗೆ ಸೇರಿದವಳು ಎಂಬ ಬರಹ ಬಂತು. ನಾನು ಓದಿ ಹೇಳಿದೆ.

"ಎಂತದು? ಯಾರಿಗೆ ಸೇರಿದ್ದು?" ಅವ್ವ ಎದ್ದೇ ನಿಂತಳು. "ಹುಚ್ಚು ಹೆಣ್ಣೇ, ನಿನ್ನ ಯಾರು ಕಟ್ಟಿ ಹಾಕಿರು? ಹೋಗೆ ಅಂವನ ಸಂತಿಗೆ! ನಿನ್ನ ಒಪ್ಪಿಸಿ ಕೊಡ್ಲೇ ಇಲ್ಲ ಅಲ್ಲೆ!"

"ಹೋಗೆ, ಹೋಗೆ!" ಅಂದಳು ದೊಡ್ಡವ್ವನೂ.

ಹಾಲ್ ಪೂರ್ತಿ ನಕ್ಕಿತು. ಸಹೋದ್ಯೋಗಿ ಹಿಂದೆ ತಿರುಗಿ ಕೈ ಎತ್ತಿದರು, ನಿಲ್ಲಿಸಿ ಅಂತಲೋ ಇರಲಿ ಅಂತಲೋ ಗೊತ್ತಾಗಲಿಲ್ಲ. ಪರದೆಯ ಮೇಲಿನ ಹುಡುಗಿ ಇವರ ಮಾತು ಕೇಳಲಿಲ್ಲ. ಬಿರುಗಾಳಿಯಲ್ಲಿ ಒಬ್ಬಳೇ ಕಡಲಿಗೆ ಇಳಿದು ಹೋದಳು. ಅವಳ ತಲೆವಸ್ತ್ರ ಅಲೆಯ ಜೊತೆ ದಡಕ್ಕೆ ಬಂತು. ದೀಪ ಹಾಕಿದಾಗ ದೊಡ್ಡವ್ವ ಸೆರಗಿನಿಂದ ಮೂಗು ಒರೆಸುತ್ತಿದ್ದಳು. ಅವ್ವ ಅತ್ತಿರಲಿಲ್ಲ. ಸಿಟ್ಟು ಬಂದಿತ್ತು.

ಬಸ್ ನಿಲ್ದಾಣದಲ್ಲಿ ನಾನು ಅವಳಿಗೆ ತಿಳಿಸಿ ಹೇಳಲು ನೋಡಿದೆ. ಅವರ ದೇಶದಲ್ಲಿ ಪಾದ್ರಿ ಓದಿ ಉಂಗುರ ಹಾಕಿಸಿದರೆ ಮದುವೆ ಆಯಿತು, ಅಲ್ಲಿ ನಮ್ಮ ಹಾಗೆ ಶಾಸ್ತ್ರದ ಹಾಡು ಇಲ್ಲ, ಅದಲ್ಲದೆ ಆ ಸಿನಿಮಾದಲ್ಲಿ ಯಾವ ಶಬ್ದವೂ ಇಲ್ಲ, ಹಾಡಿದ್ದರೂ ನಮಗೆ ಕೇಳುತ್ತಿರಲಿಲ್ಲ ಅಂದೆ.

"ಕೇಳೂದು ಬ್ಯಾಡ, ಕಣ್ಣು ಕಾಣ್ತದಲ್ಲ ಈಗ," ಅಂದಳು ಅವ್ವ. "ಹಡಗಿನ ಬದಿಗೆ ಹಾಡಿರು. ಬಾಯಿ ಕಂಡೆ ನಾನು. ಹೊರಟು ಹೋಪವಂಗೆ ಹಾಡು ಉಂಟು, ಕೊಡೂ ಹೆಣ್ಣಿಗೆ ಇಲ್ಲ ಅಂದ್ರೆ ಎಂತ? ಹೇಳೂಕೆ ಬರದ ಜನ ಅಲ್ಲ ಅವ್ರು. ಬೇಕಂತಲೇ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ರೆ ಅದು ಒಪ್ಪಿಸ್ದ ಹೆಣ್ಣಲ್ಲ."

ಅವಳು ತಪ್ಪಾಗಿ ನೋಡಿದ್ದಳು. ನನಗೆ ಅದರಲ್ಲಿ ಈಗಲೂ ಅನುಮಾನವಿಲ್ಲ. ಆದರೆ ಅವಳು ಎಷ್ಟು ಗಮನವಿಟ್ಟು ತಪ್ಪು ಮಾಡಿದ್ದಳೆಂದರೆ, ನನ್ನ ಉತ್ತರ ಅವಳ ಬಳಿ ಸುಳಿಯಲೇ ಇಲ್ಲ.

ಭಟ್ಕಳದ ಬಸ್ ಬಂದು ನಿಂತಿತು. ಹತ್ತುವ ಮೊದಲು ಅವ್ವ ನನ್ನ ಕೈ ಹಿಡಿದುಕೊಂಡು, "ಹಂಗಾರೆ ನಿನ್ನ ತಂಗೀನೂ ನಾವು ಒಪ್ಪಿಸ್ಲಿಲ್ಲ," ಅಂದಳು.

ನನ್ನ ತಂಗಿಯನ್ನು ಕುಮಟೆಯ ಕಾಗಾಲಕ್ಕೆ ಕೊಟ್ಟಿದ್ದು ಲಾಕ್‌ಡೌನಿನಲ್ಲಿ. ನಾನಾಗ ಧಾರವಾಡದಲ್ಲಿ ಸಿಕ್ಕಿಬಿದ್ದಿದ್ದೆ, ಮದುವೆಯ ಸುದ್ದಿ ಫೋನಿನಲ್ಲಿ ಬಂತು. ಜನ ಸೇರುವ ಹಾಗಿಲ್ಲ, ಚಪ್ಪರ ಬೇಡ, ಊಟ ಬೇಡ, ಬಡವರ ಮನೆಯ ಹೆಣ್ಣು ಹೊರೆಯಿಲ್ಲದೆ ದಾಟುತ್ತದೆ ಎಂದು ಅಪ್ಪ ಒಪ್ಪಿದ್ದ. ಆ ದಿನಗಳಲ್ಲಿ ಹೀಗೆ ದಾಟಿದ ಹೆಣ್ಣುಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಗಳದಲ್ಲಿ ಗಂಡಿನ ಕಡೆಯ ಕೆಲವರು, ಅಪ್ಪ, ಅವ್ವ, ಪುರೋಹಿತರು. ಎಲ್ಲರ ಮುಖಕ್ಕೂ ಮಾಸ್ಕ್. ಪೊಲೀಸ್ ಜೀಪು ಬಂದೀತೆಂಬ ಹೆದರಿಕೆಯಲ್ಲಿ ಪುರೋಹಿತರು ಅರ್ಧ ನುಂಗಿಕೊಂಡು ಮಂತ್ರ ಹೇಳಿದರಂತೆ. ದೊಡ್ಡವ್ವನನ್ನು ಬೇಲಿಯ ಆಚೆಯೇ ನಿಲ್ಲಿಸಿದ್ದರು. ಅವ್ವ ಧಾರೆಗೆ ಕುಳಿತ ತಾಯಿ, ಅವಳು ಹಾಡುವ ಹಾಗಿಲ್ಲ, ಜೋಡಿಯಿಲ್ಲದೆ ಹಾಡಲು ಬರುವುದೂ ಇಲ್ಲ. ಊರಿನ ಅಷ್ಟೂ ಮದುವೆಗೆ ಹಾಡಿದವಳ ಮಗಳನ್ನು ಒಂದು ಸಾಲೂ ಹೇಳದೆ ವ್ಯಾನಿಗೆ ಹತ್ತಿಸಿದರು.

ಆ ಮನೆಯವರು ಈರುಳ್ಳಿ ಬೆಳೆಯುವವರು. ಕುಮಟೆಯ ಸಿಹಿ ಈರುಳ್ಳಿಯನ್ನು ಗೊಂಚಲು ಕಟ್ಟಿ ಹೈವೇ ಬದಿಯಲ್ಲಿ ತೂಗುಹಾಕಿರುತ್ತಾರಲ್ಲ, ಅಂಥದೊಂದು ಅಂಗಡಿ ಅವರದು. ತಂಗಿಯ ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಕುಡಿಯದ ದಿನವೂ ಹೊಡೆಯುತ್ತಿದ್ದ. ಒಮ್ಮೆ ಅವಳ ಮುಂಗೈ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಹೆಣ್ಣುಮಗುವನ್ನು ಸೊಂಟದಲ್ಲಿಟ್ಟುಕೊಂಡು ಮುಟ್ಟಳ್ಳಿಗೆ ಬಂದಿದ್ದಳು. ಪೊಲೀಸರಿಗೆ ದೂರು ಕೊಡೋಣ, ವಕೀಲರ ಹತ್ತಿರ ಹೋಗೋಣ ಎಂದು ನಾನು ಅಂದೇ ಹೇಳಿದ್ದೆ. ಅವ್ವ ಒಪ್ಪಲಿಲ್ಲ. "ಕೊಟ್ಟಾಗಿದೆ ಮಗಾ. ಕೊಟ್ಟ ಮೇಲೆ ಅದು ಅವ್ರ ಮನೆ ಹೆಣ್ಣು. ನಾವೆಂತ ಮಾತಾಡೂದು?" ಎಂದು ತಂಗಿಯನ್ನು ತಾನೇ ಬಸ್ ಹತ್ತಿಸಿ ತಿರುಗಿ ಕಳಿಸಿದ್ದಳು. ತಂಗಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಲೂ ಇಲ್ಲ. ಅವಳು ಹೊರಗೆ ಬರಬೇಕಾದರೆ ಅವ್ವ ಬಾಗಿಲು ತೆರೆಯಬೇಕಿತ್ತು. ಇಷ್ಟು ದಿನ ಆ ಬಾಗಿಲನ್ನು ಹಿಡಿದು ನಿಂತಿದ್ದು ಆ ಒಂದು ಮಾತು, ಕೊಟ್ಟಾಗಿದೆ.

ಈಗ ಸಿನಿಮಾ ನೋಡಿ ಬಂದವಳು ಕೊಟ್ಟೇ ಇಲ್ಲ ಎನ್ನುತ್ತಿದ್ದಳು.

ಮುಂದಿನ ವಾರವೇ ಕಾಗಾಲಕ್ಕೆ ಹೊರಟು ನಿಂತಳು. ದೊಡ್ಡವ್ವ ಜೊತೆಗೆ. ನಾನು ಹೊನ್ನಾವರದಲ್ಲಿ ಅವರ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಿದೆ, "ಅವ್ವೀ, ಮದ್ವೆ ಆಗ್ಲಿಲ್ಲ ಹೇಳಿ ಮಾತ್ರ ಹೇಳ್ಬೇಡ. ಮದ್ವೆ ಆತು, ಆದ್ರೆ ಹೊಡಿತಾನೆ, ನಮ್ಮ ಹುಡ್ಗಿ ಇರೂದಿಲ್ಲ ಹೇಳು. ಕಾನೂನು ನಮ್ಮ ಬದಿಗೆ ಅದೆ."

"ಹೊಡಿತಾನೆ ಅಂದ್ರೆ ಜಾತಿ ಯಜಮಾನ್ರು ಎಂತ ಹೇಳ್ತರು ಗೊತ್ತಿದ್ಯ? ಯಾರ ಮನೆಲಿ ಹೊಡ್ಯೂದಿಲ್ಲ ಅಂತರು. ಹೊಂದ್ಕಂಡು ಹೋಗಿ ಅಂತರು. ನಿನ್ನ ಕಾನೂನು ಆ ಅಂಗಳಕ್ಕೆ ಬರೂದಿಲ್ಲ. ನನ್ನ ಮಾತಿಗೆ ಅವ್ರತ್ರ ಉತ್ರ ಇಲ್ಲ."

ಅದೂ ನಿಜವೇ. ಅಷ್ಟರ ಮಟ್ಟಿಗೆ ಅವಳಿಗೆ ತನ್ನ ಜನ ಗೊತ್ತಿತ್ತು.

ಆ ಅಂಗಳದಲ್ಲಿ ಕಿತ್ತ ಈರುಳ್ಳಿ ಹರಡಿತ್ತು. ಅವ್ವ ಹೇಳಿ ಕಳಿಸಿದ್ದರಿಂದ ಜಾತಿಯ ಯಜಮಾನರು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ತಂಗಿಯ ಗಂಡನ ದೊಡ್ಡಪ್ಪ. ಗಂಡ ಜಗಲಿಯ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದ. ತಂಗಿ ಮಗುವನ್ನು ಎತ್ತಿಕೊಂಡು ಬಾಗಿಲ ಒಳಗೆ ನಿಂತಿದ್ದಳು, ಹುಬ್ಬಿನ ಮೇಲೆ ಹೊಸ ಗಾಯ.

ಅವ್ವ ಅಂಗಳದ ನಡುವೆ ನಿಂತು ಮಾತಾಡಿದಳು. ಅವಳು ಅಷ್ಟು ಜನರ ಎದುರು ಹಾಡಿದ್ದನ್ನು ಕೇಳಿದ್ದೆ, ಮಾತಾಡಿದ್ದನ್ನು ಕೇಳಿರಲಿಲ್ಲ.

"ಯಜಮಾನ್ರೆ, ನಿಮ್ಮ ಮನೆ ಮದ್ವೇಲೂ ನಾ ಹೇಳಿದ್ದೆ. ನಿಮ್ಮ ಮಗಳ ಒಪ್ಪಿಸುವಾಗ ನೀವು ಕಣ್ಣು ಒರೆಸ್ಕಂಡಿದ್ರಿ, ನನಗೆ ನೆನಪದೆ. ಹೇಳಿ, ಒಪ್ಪಿಸೂ ಹಾಡು ಹೇಳ್ದೆ ಯಾರಾರೂ ಹೆಣ್ಣು ಕಳ್ಸಿದ್ದು ಉಂಟಾ ನಮ್ಮಲ್ಲಿ? ನನ್ನ ಮಗಳಿಗೆ ಎಣ್ಣೆ ಹಾಡಿಲ್ಲ, ಧಾರೆ ಹಾಡಿಲ್ಲ, ಒಪ್ಪಿಸೂ ಹಾಡಿಲ್ಲ. ಒಪ್ಪಿಸ್ದೇ ಇದ್ದ ಹೆಣ್ಣು ನಮ್ಮನೇದು. ಇಷ್ಟು ದಿವ್ಸ ನಿಮ್ಮಲ್ಲಿ ಇತ್ತು. ಈಗ ಕರ್ಕಂಡು ಹೋಪೂಕೆ ಬಂದೆ."

ಯಜಮಾನರು ತಿರುಗಿ ಗಂಡನ ದೊಡ್ಡಪ್ಪನ ಮುಖ ನೋಡಿದರು. ದೊಡ್ಡವ್ವ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು, ನೋಡಿದೆಯಾ ಅನ್ನುವ ಹಾಗೆ.

ಆಗ ಗಂಡನ ದೊಡ್ಡಪ್ಪ ಮಾತಾಡಿದ. ಬಹಳ ನಿಧಾನದ ಮನುಷ್ಯ. ಮಾತಿನ ನಡುವೆ ಎಲೆಗೆ ಸುಣ್ಣ ಸವರುತ್ತಿದ್ದ.

"ಅಕ್ಕ ಹೇಳೂದು ಖರೆ. ನಾನೂ ಅವತ್ತು ಅಲ್ಲೇ ಇದ್ದವ. ಹಾಡು ಇರ್ಲಿಲ್ಲ. ಒಪ್ಪಿಸ್ಲಿಲ್ಲ ಅಂದ್ರೆ ಒಪ್ಪಿಸ್ಲಿಲ್ಲ. ಮದ್ವೇನೇ ಆಗ್ಲಿಲ್ಲ ಹೇಳಾತು. ಕರ್ಕಂಡು ಹೋಗಿ. ನಮ್ಮ ಹುಡ್ಗ ಹಂಗಾರೆ ಮದ್ವೆ ಆಗದೇ ಇದ್ದವ, ಅವ್ನ ದಾರಿ ಅವ್ನಿಗೆ. ನೀವು ನಮ್ಗೆ ಎಂತದೂ ಕೇಳೂ ಹಾಂಗಿಲ್ಲ, ನಾವು ನಿಮ್ಗೆ ಕೇಳೂದಿಲ್ಲ. ಕೂಸೂ ನಿಮ್ಮದೇ. ಹೌದಲ್ವ ಯಜಮಾನ್ರೆ?"

"ಇಬ್ರೂ ಒಪ್ಪಿರು. ಆತು," ಅಂದರು ಯಜಮಾನರು.

"ಅವ್ವೀ, ಬ್ಯಾಡ," ಎಂದು ನಾನು ಮುಂದೆ ಬಂದೆ. ಇದು ಹೀಗೆ ಮುಗಿಯುವುದಲ್ಲ, ಹೆಂಡತಿ ಮಗುವಿನ ಹೊಣೆ ಅವನದು, ಹೀಗೆ ಬಾಯಿಮಾತಿನಲ್ಲಿ ಮದುವೆ ಅಳಿಸಲು ಬರುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ.

ದೊಡ್ಡಪ್ಪ ಎಲೆ ಬಾಯಿಗಿಟ್ಟುಕೊಂಡು ನಕ್ಕ. "ಕಲ್ತವ್ಳು ನೀನು. ಆದ್ರೆ ಮದ್ವೇಲಿ ನೀ ಇರ್ಲಿಲ್ಲ ಅಲ್ವ?"

ಕಂಬಕ್ಕೆ ಒರಗಿದವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ತಂಗಿ ಒಂದು ಚೀಲ ಹಿಡಿದುಕೊಂಡು ಹೊರಬಂದಳು. ಅಷ್ಟೇ ಬೇಗ ತುಂಬಿತೋ, ಯಾವತ್ತೋ ತುಂಬಿ ಇಟ್ಟಿದ್ದಳೋ.

ಕುಮಟೆಯಿಂದ ಬರುವ ಬಸ್ಸಿನಲ್ಲಿ ಅವ್ವ ಗೆದ್ದವಳ ಹಾಗೆ ಕುಳಿತಿದ್ದಳು. ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದೊಡ್ಡವ್ವ, "ಆ ಮುದ್ಯನ ಬಾಯಿ ನೋಡ್ಬೇಕಿತ್ತು, ಸುಣ್ಣ ಹೆಚ್ಚಾಗಿ ಸುಟ್ಟವ್ನ ಹಂಗೆ ಆಗಿತ್ತು," ಎಂದು ನಗಿಸಲು ನೋಡಿದಳು. ಅವನ ಬಾಯಿ ಸುಟ್ಟಿರಲಿಲ್ಲ. ಅವನಿಗೆ ಬೇಕಾದದ್ದು ಬಾಯಿಗೇ ಬಂದು ಬಿದ್ದಿತ್ತು. ಹೊನ್ನಾವರ ಹತ್ತಿರ ಬಂದಾಗ ತಂಗಿ ಕೇಳಿದಳು, "ಹಂಗಾರೆ ನಾ ಎಂತ ಆದೆ ಅವ್ವೀ?"

"ನಮ್ಮನೆ ಹುಡ್ಗಿ."

"ಇದು?" ಎಂದು ಮಗುವನ್ನು ತೋರಿಸಿದಳು.

ಅವ್ವ ಮಗುವಿನ ತಲೆ ಸವರಿದಳು.

ತಂಗಿ ಮಗುವಿನೊಂದಿಗೆ ನನ್ನ ಬಾಡಿಗೆ ಕೋಣೆಗೆ ಬಂದಳು. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಸಿಕ್ಕಿತು. ಮುರಿದ ಮುಂಗೈ ಸರಿಯಾಗಿ ಕೂಡಿರಲಿಲ್ಲ, ರಾತ್ರಿ ನೋಯುತ್ತಿತ್ತು. ಊರಿನಲ್ಲಿ ಮಾತು ಬೇಗ ಹರಿಯಿತು. ಮದುವೆಯಾಗಿ ಬಿಟ್ಟು ಬಂದವಳಿಗೆ ಒಂದು ಹೆಸರಿದೆ. ಮದುವೆಯೇ ಆಗದೆ ಮಗು ಎತ್ತಿಕೊಂಡು ಬಂದವಳಿಗೆ ಇರುವ ಹೆಸರು ಬೇರೆ. ಅದನ್ನು ಮುಟ್ಟಳ್ಳಿಯ ನಲ್ಲಿಯ ಹತ್ತಿರ ಒಬ್ಬಳು ಅವಳ ಮುಖದ ಮೇಲೆಯೇ ಆಡಿದಳು. "ನಿನ್ನ ಅವ್ವಿಯೇ ಹೇಳಿದ್ದಂತಲ್ಲೆ," ಎಂದೂ ಸೇರಿಸಿದಳು. ತಂಗಿ ಕೊಡ ಅಲ್ಲೇ ಬಿಟ್ಟು ಬಂದಳು. ಆಮೇಲೆ ಮುಟ್ಟಳ್ಳಿಗೆ ಹೋಗುವುದನ್ನೇ ನಿಲ್ಲಿಸಿದಳು.

ಕೆಲವು ತಿಂಗಳಾದ ಮೇಲೆ ಅವನಿಗೆ ಇನ್ನೊಂದು ಹೆಣ್ಣು ಗೊತ್ತಾಗಿದೆ ಎಂಬ ಸುದ್ದಿ ಬಂತು. ಚಪ್ಪರ ಹಾಕಿ, ಜೋಡಿ ಜೋಡಿ ಹಾಡುವವರನ್ನು ಕರೆಸಿ, ಎಣ್ಣೆಯಿಂದ ಒಪ್ಪಿಸುವ ತನಕ ಒಂದೂ ಬಿಡದೆ ಮಾಡುತ್ತಾರಂತೆ. ಮೊದಲ ಸಲ ಆದದ್ದು ಎರಡನೇ ಸಲ ಆಗಬಾರದು ಎಂದು ದೊಡ್ಡಪ್ಪ ಹೇಳಿಕೊಂಡು ತಿರುಗುತ್ತಿದ್ದನಂತೆ.

ಆವತ್ತು ತಂಗಿ ಸೀರೆ ಅಂಗಡಿಯಿಂದ ಬಂದು ಕೈಕಾಲು ತೊಳೆದು ನನ್ನ ಎದುರು ಕುಳಿತಳು. "ಅಕ್ಕ, ಕೋರ್ಟಿಗೆ ಹೋಗ್ವ," ಅಂದಳು. "ನಂಗೆ ಅಂವ ಬ್ಯಾಡ. ನಾ ಅವ್ನ ಹೆಂಡ್ತಿ ಆಗಿದ್ದೆ ಹೇಳಿ ಬರ್ದು ಕೊಡ್ಬೇಕು ಅವ್ರು. ಇದ್ಕೆ ಒಬ್ಬ ಅಪ್ಪ ಇದ್ದ ಹೇಳಿ ಆಗ್ಬೇಕು. ಅಷ್ಟಾರೆ ಸಾಕು."

ಅದಕ್ಕೆ ಜೀವನಾಂಶದ ಅರ್ಜಿ ಹಾಕುವುದೇ ದಾರಿ ಎಂದ ಹೊನ್ನಾವರದ ವಕೀಲರು ಕೇಳಿದ ಮೊದಲ ಪ್ರಶ್ನೆಯೇ ಮದುವೆಗೆ ಸಾಕ್ಷಿ ಯಾರು ಎಂದು. ನೋಂದಣಿ ಆಗಿರಲಿಲ್ಲ. ಫೋಟೋ ತೆಗೆದದ್ದು ಅವರ ಕಡೆಯವರ ಫೋನಿನಲ್ಲಿ. ಪುರೋಹಿತರು ಕೊರೊನಾದ ಎರಡನೇ ಅಲೆಯಲ್ಲಿ ತೀರಿಹೋದರು, ಅಪ್ಪನೂ ಅದೇ ಮಳೆಗಾಲದಲ್ಲಿ ಹೋದ. ನಾನು ಇರಲಿಲ್ಲ. ದೊಡ್ಡವ್ವ ಬೇಲಿಯ ಆಚೆಗಿದ್ದಳು, ಒಳಗೆ ಏನು ನಡೆಯಿತೆಂದು ನೋಡಿರಲಿಲ್ಲ. ಉಳಿದವಳು ಅವ್ವ ಒಬ್ಬಳು.

"ಅಮ್ಮ, ಮದುವೆ ಆಗಿತ್ತಲ್ಲ?" ಎಂದರು ವಕೀಲರು.

ಅವ್ವ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. "ಶಾಸ್ತ್ರ ಮಾಡಿರು. ಮದ್ವೆ ಆಗ್ಲಿಲ್ಲ," ಅಂದಳು.

ವಕೀಲರು ಪೆನ್ನು ಕೆಳಗಿಟ್ಟರು. ನನಗೆ ಹೇಳಲು ಬೇಕಾದಷ್ಟಿತ್ತು. ಅದಕ್ಕಿಂತ ಮೊದಲು ತಂಗಿ ಮಾತಾಡಿದಳು. ದನಿ ಏರಿಸಲಿಲ್ಲ.

"ಅವ್ವೀ, ನಾ ಆ ಮನೆಲಿ ತಿಂದ ಪೆಟ್ಟು ಹಾಡು ಹೇಳಿರೋ ಇಲ್ವೋ ಕೇಳ್ಕಂಡು ಬರ್ಲಿಲ್ಲ. ಇದು ಹುಟ್ಟುವಾಗ ಅದೂ ಕೇಳ್ಲಿಲ್ಲ. ನೀ ಹೇಳ್ದ ಮಾತಿಂದ ನಾ ಹೊರಗೆ ಬಂದೆ, ಅದು ಖರೆ. ಆದ್ರೆ ಆ ಮಾತಲ್ಲಿ ನಂಗೆ ನಿಂತ್ಕಂಬೂಕೆ ಜಾಗ ಇಲ್ಲ."

ಅವ್ವ ತಂಗಿಯ ಮುಂಗೈ ಹಿಡಿದು ನೋಡಿದಳು. ಆಮೇಲೆ, "ಯಾವ ದಿವ್ಸ ಬರ್ಬೇಕು?" ಎಂದು ವಕೀಲರನ್ನು ಕೇಳಿದಳು.

ಅವಳು ಸಾಕ್ಷಿ ಹೇಳಿದ ದಿನ ನಾನು ಕ್ಲಾಸ್ ಬಿಟ್ಟು ಕೋರ್ಟಿನಲ್ಲಿದ್ದೆ. ದೊಡ್ಡವ್ವನೂ ಮುಟ್ಟಳ್ಳಿಯಿಂದ ಜೊತೆಗೆ ಬಂದು ಬಾಗಿಲ ಹತ್ತಿರದ ಬೆಂಚಿನಲ್ಲಿ ಕುಳಿತಿದ್ದಳು. ಅವ್ವ ಅಂಜಲಿಲ್ಲ. ಅರಿಶಿನ ಹಚ್ಚಿದ್ದು, ಬಾಸಿಂಗ ಕಟ್ಟಿದ್ದು, ತಾನೂ ಅಪ್ಪನೂ ಧಾರೆ ಎರೆದದ್ದು, ತಾಳಿ ಕಟ್ಟಿದ್ದು, ಎಲ್ಲವನ್ನೂ ಸಾಲಾಗಿ ಹೇಳಿದಳು. ಎದುರು ಕಡೆಯ ವಕೀಲರು ಎದ್ದರು. ಹುಡುಗ ವಯಸ್ಸಿನವರು, ಸಭ್ಯರು.

"ಹೆಣ್ಣು ಒಪ್ಪಿಸುವ ಹಾಡು ಹೇಳಿದ್ರಾ?"

"ಇಲ್ಲ."

"ಅದಿಲ್ಲದೆ ನಿಮ್ಮಲ್ಲಿ ಮದುವೆ ಪೂರ್ತಿ ಆಗೋದಿಲ್ಲ ಅಲ್ವಾ?"

ಅವ್ವ ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡಳು. "ಆಗ್ತದೆ," ಅಂದಳು.

"ಹಾಗಾದರೆ ಕಾಗಾಲದಲ್ಲಿ ಯಜಮಾನರ ಎದುರು ಮದುವೆ ಆಗಿಲ್ಲ ಅನ್ನುವ ಹಾಗೆ ಹೇಳಿದ್ದು?"

"ಸುಳ್ಳು ಹೇಳಿದ್ದೆ. ಮಗಳ ಹೊರಗೆ ತರೂಕೆ ಸುಳ್ಳು ಹೇಳಿದ್ದೆ."

ಟೈಪ್ ಮಾಡುವವರು ಅದನ್ನು ಟೈಪ್ ಮಾಡಿದರು. ಅವ್ವ ಕಾಗಾಲದಲ್ಲಿ ಸುಳ್ಳು ಹೇಳಿರಲಿಲ್ಲ, ತಾನು ನಂಬಿದ್ದನ್ನೇ ಹೇಳಿದ್ದಳು. ನಾನು ಒಪ್ಪದ ನಂಬಿಕೆ, ಆದರೂ ಅದು ಅವಳದ್ದು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ ನಿಂತ ಜಾಗದಲ್ಲಿ ಅವಳು ಸುಳ್ಳು ಹೇಳಬೇಕಾಯಿತು. ಕಾನೂನಿಗೆ ಬೇಕಾದದ್ದೂ ಅದೇ, ನನ್ನ ತಂಗಿಗೆ ಬೇಕಾದದ್ದೂ ಅದೇ.

ಹೊರಗೆ ಬಂದಾಗ ದೊಡ್ಡವ್ವ ಚಪ್ಪಲಿ ಮೆಟ್ಟುತ್ತಿದ್ದಳು.

"ಹಾಡಿಲ್ದೆ ಆಗ್ತದ್ಯನೆ?" ಅಂದಳು. "ನಲವತ್ತು ವರ್ಷ ನಾವಿಬ್ರೂ ಎಂತ ಮಾಡಿದ್ದು ಹಂಗಾರೆ? ಚಪ್ಪರದ ಅಡಿಗೆ ಕೂತ್ಕಂಡು ಕೂಗಿದ್ದಾ?"

"ನನ್ನ ಮಗಳಲ್ವನೆ," ಅಂದಳು ಅವ್ವ.

"ನಂಗೂ ಮಗಳೇ. ನೀ ಒಳಗೆ ಹೇಳೂದು ಹೇಳ್ದೆ, ಆತು. ಇನ್ನು ಮೇಲೆ ನಾ ಎತ್ತಿದ್ದ ನೀ ಹೆಂಗೆ ಹಿಡೀತೆ?"

ಅವಳು ಜಗಳ ಮಾಡಲಿಲ್ಲ. ಬಸ್ ನಿಲ್ದಾಣದ ಕಡೆ ಒಬ್ಬಳೇ ನಡೆದುಕೊಂಡು ಹೋದಳು.

ಅವನ ಎರಡನೇ ಮದುವೆ ನಿಲ್ಲಲಿಲ್ಲ. ಚಪ್ಪರದ ಬದಲು ಯಾವುದೋ ದೇವಸ್ಥಾನದಲ್ಲಿ ಸದ್ದಿಲ್ಲದೆ ಆಯಿತಂತೆ. ಜೀವನಾಂಶದ ಅರ್ಜಿ ನಡೆಯುತ್ತಲೇ ಇದೆ. ಅವರ ಕಡೆಯವರು ಒಂದು ದಿನ ಬರುತ್ತಾರೆ, ಎರಡು ಸಲ ಬರುವುದಿಲ್ಲ. ಅಂಗನವಾಡಿಯಲ್ಲಿ ಮಗುವಿನ ತಂದೆಯ ಹೆಸರು ಕೇಳಿದಾಗ ತಂಗಿ ಅವನ ಹೆಸರನ್ನೇ ಕೊಟ್ಟಳು. ಟೀಚರು ಬರೆದುಕೊಂಡರು, ಬೇರೆ ಏನೂ ಕೇಳಲಿಲ್ಲ. ಮನೆಗೆ ಬಂದು ಅದನ್ನು ನನಗೆ ಎರಡು ಸಲ ಹೇಳಿದಳು.

ಹೋದ ಬೇಸಿಗೆಯಲ್ಲಿ ನಮ್ಮ ಕೇರಿಯಲ್ಲೇ ಒಂದು ಮದುವೆ ಇತ್ತು. ನಾನು ಒತ್ತಾಯ ಮಾಡಿ ತಂಗಿಯನ್ನೂ ಮಗುವನ್ನೂ ಊರಿಗೆ ಕರೆದುಕೊಂಡು ಹೋಗಿದ್ದೆ. ಅವ್ವನಿಗೆ ಎಂದಿನ ಹಾಗೆ ವೀಳ್ಯ ಬಂದಿತ್ತು. ಅದು ಹಾಗೇ ಒಣಗಿ ಗೂಡಿನಲ್ಲಿತ್ತು. ಚಪ್ಪರದಿಂದ ಹಾಡು ನಮ್ಮ ಅಂಗಳಕ್ಕೆ ಸ್ಪಷ್ಟ ಕೇಳುತ್ತಿತ್ತು. ದೊಡ್ಡವ್ವ ಎತ್ತುತ್ತಿದ್ದಳು. ಹಿಡಿಯುವ ದನಿ ಬೇರೆ ಯಾರದ್ದೋ, ಎಳೆಯದು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಸಾಲದಾಗುತ್ತಿತ್ತು. ಅವ್ವ ತೆಂಗಿನ ಗರಿ ಸೀಳಿ ಪೊರಕೆಗೆ ಹಿಡಿಕಡ್ಡಿ ತೆಗೆಯುತ್ತಾ ಕುಳಿತಿದ್ದಳು. ಎಳೆಯ ದನಿ ತಪ್ಪಿದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು.

"ಹೋಗೆ ಅವ್ವೀ," ಅಂದಳು ತಂಗಿ. "ನನ್ನ ಸಲುವಾಗಿ ನೀ ಎಂತಕೆ ಬಿಡೂದು?"

"ನಿನ್ನ ಸಲುವಾಗಿ ಅಲ್ಲ," ಅಂದಳು ಅವ್ವ. "ಹಾಡಿಲ್ದೇನೂ ಮದ್ವೆ ಆಗ್ತದೆ ಹೇಳಿ ಆಣೆ ಮಾಡಿ ಹೇಳಿ ಬಂದವ್ಳು ನಾನು. ಅವ್ರ ಹುಡ್ಗಿ ಎದ್ರಿಗೆ ಈಗ ಯಾವ ಬಾಯಲ್ಲಿ ಹೇಳೂದು?"

ಅಲ್ಲಿ ಹೆಣ್ಣು ಒಪ್ಪಿಸುವ ಹಾಡು ಶುರುವಾಗಿತ್ತು. ಅವ್ವ ಇನ್ನೊಂದು ಗರಿ ಎಳೆದುಕೊಂಡಳು.